ದಿವಾಳಿ ಅರ್ಜಿ ಹಾಕುವುದು ಹೇಗೆ?

ಸಾಲ ಕೈಮೀರಿದವರಿಗೆ ‘ಪಾಪರ್ ಚೀಟಿ ತಗೊಂಡುಬಿಡು’ ಎಂದು ಸಲಹೆ ಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಕೋರ್ಟ್ ದಿವಾಳಿ ಎಂದ ದಿನವೇ ಸಾಲ ಹರಿದುಹೋಗುತ್ತದೆ ಅಂತ ಅವರ ಲೆಕ್ಕ. ಹಾಗೇನಿಲ್ಲ. ದಿವಾಳಿ ಎಂದು ಘೋಷಿಸುವುದು ಒಂದು ಆದೇಶ, ಸಾಲದಿಂದ ಬಿಡಿಸುವುದು ಇನ್ನೊಂದು.

2016ರ ದಿವಾಳಿ ಸಂಹಿತೆಯ ಸುದ್ದಿ ಓದಿರುತ್ತೀರಿ. ಅದರ ವ್ಯಕ್ತಿಗಳ ಭಾಗ ಜಾರಿಗೆ ಬಂದಿದ್ದು 2019ರ ಡಿಸೆಂಬರ್ 1ರಿಂದ, ಅದೂ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಅಂಗಡಿಯವರು, ರೈತರು, ಸಂಬಳದವರಿಗೆ ಕರ್ನಾಟಕದಲ್ಲಿ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅದು ಎಷ್ಟು ಹಳೆಯದೆಂದರೆ, 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು!

ಮೊದಲ ಕೆಲಸ ಪಟ್ಟಿ. ಯಾರಿಗೆ ಎಷ್ಟು ಕೊಡಬೇಕು, ಅವರ ಹೆಸರು, ವಿಳಾಸ ಬರೆಯಿರಿ. ಕೈಸಾಲವನ್ನೂ ಬಿಡಬೇಡಿ. ನಿಮ್ಮ ಆಸ್ತಿ ಏನು, ಎಲ್ಲಿದೆ, ಬೆಲೆ ಎಷ್ಟು ಎಂಬುದನ್ನೂ ಸೇರಿಸಿ. ಹಿಂದೆ ಇಂಥ ಅರ್ಜಿ ಹಾಕಿದ್ದರೆ ಅದನ್ನೂ ಹೇಳಬೇಕು. ‘ಆಸ್ತಿಯನ್ನೆಲ್ಲ ಕೋರ್ಟಿಗೆ ಒಪ್ಪಿಸಲು ಸಿದ್ಧ’ ಎಂಬ ಮಾತು ಅರ್ಜಿಯಲ್ಲಿ ಇರಲೇಬೇಕು.

ಇಲ್ಲೇ ಜನ ಜಾಣತನ ತೋರಿಸಲು ಹೋಗಿ ಸಿಕ್ಕಿಬೀಳುತ್ತಾರೆ. ಸೈಟನ್ನು ಸುಮ್ನೆ ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿರುತ್ತಾರೆ. ದಿವಾಳಿ ಅರ್ಜಿಗೆ ಹಿಂದಿನ 2 ವರ್ಷದೊಳಗಿನ ಇಂಥ ವರ್ಗಾವಣೆಯನ್ನು ಕೋರ್ಟ್ ರದ್ದು ಮಾಡಬಹುದು. 3 ತಿಂಗಳೊಳಗೆ ಬೇಕಾದ ಒಬ್ಬರಿಗಷ್ಟೇ ಸಾಲ ತೀರಿಸಿ ಉಳಿದವರಿಗೆ ಕೈಯೆತ್ತಿದರೂ ಅದೇ ಕಥೆ. ಲೆಕ್ಕದ ಪುಸ್ತಕ ಬಚ್ಚಿಟ್ಟರೆ ಜೈಲೂ ಆಗಬಹುದು.

ನೀವು ವಾಸವಿರುವ ಅಥವಾ ವ್ಯಾಪಾರ ಮಾಡುವ ಜಿಲ್ಲೆಯ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ವಕೀಲರ ಫೀಸಿಗೂ ಕಷ್ಟ ಅಲ್ವಾ? ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ಉಚಿತ ನೆರವಿದೆ.

ಸಾಲ ಕೊಟ್ಟವರಿಗೆ ನೋಟಿಸ್ ಹೋಗುತ್ತದೆ, ವಿಚಾರಣೆ ನಡೆಯುತ್ತದೆ. ನಿಮ್ಮಿಂದ ಸಾಲ ತೀರಿಸಲು ಆಗದು ಎಂದು ಮನವರಿಕೆಯಾದರೆ ಕೋರ್ಟ್ ದಿವಾಳಿ ಘೋಷಿಸುತ್ತದೆ. ಆಗ ಆಸ್ತಿ ಕೋರ್ಟಿನ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸುವ ವ್ಯಕ್ತಿ) ಕೈಗೆ ಹೋಗುತ್ತದೆ. ಅಡುಗೆ ಪಾತ್ರೆ, ತಾಳಿ, ಕಸುಬಿನ ಸಲಕರಣೆ, ಬೇಸಾಯಕ್ಕೆ ಬೇಕಾದ ಎತ್ತು, ರೈತ ವಾಸವಿರುವ ಮನೆ, ಪಿಎಫ್ ಹಣ ಇವುಗಳನ್ನು ಮುಟ್ಟುವಂತಿಲ್ಲ. ಕೋರ್ಟಿನ ಅನುಮತಿಯಿಲ್ಲದೆ ಸಾಲದವರು ನಿಮ್ಮ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಆದರೆ ಅಡಮಾನ ಇಟ್ಟುಕೊಂಡ ಬ್ಯಾಂಕಿಗೆ ಈ ತಡೆ ಇಲ್ಲ, ಮನೆಯನ್ನು ಹರಾಜು ಹಾಕಬಹುದು. ಚೆಕ್ ಬೌನ್ಸ್ ಕೇಸೂ ನಿಲ್ಲುವುದಿಲ್ಲ.

ದಿವಾಳಿ ಘೋಷಿಸುವಾಗಲೇ ಕೋರ್ಟ್ ಒಂದು ಗಡುವು ಕೊಡುತ್ತದೆ. ಅಷ್ಟರೊಳಗೆ ಸಾಲದಿಂದ ಬಿಡುಗಡೆಗೆ ಮತ್ತೆ ಅರ್ಜಿ ಹಾಕಬೇಕು. ಮರೆತರೆ ದಿವಾಳಿ ಆದೇಶವೇ ರದ್ದಾಗಿ, ಸಾಲದವರು ಮತ್ತೆ ಬಾಗಿಲಿಗೆ ಬರುತ್ತಾರೆ. ಜೂಜಾಡಿದ್ದರೆ, ದುಂದುವೆಚ್ಚ ಮಾಡಿದ್ದರೆ, ಮುಳುಗುವುದು ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ದರೆ ಪೂರ್ತಿ ಬಿಡುಗಡೆ ಸಿಗುವುದಿಲ್ಲ. ಬಿಡುಗಡೆ ಆಗುವವರೆಗೆ ಶಾಸಕರಾಗಲೂ ಅರ್ಹತೆ ಇಲ್ಲ.

ಬಿಡುಗಡೆ ಸಿಕ್ಕರೂ ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಹಾಗೇ ಉಳಿಯುತ್ತವೆ. ನಿಮಗೆ ಜಾಮೀನು ಹಾಕಿದ ಭಾವನೋ ಗೆಳೆಯನೋ ಕೂಡ ಪಾರಾಗುವುದಿಲ್ಲ, ಬ್ಯಾಂಕ್ ಅವರ ಹಿಂದೆ ಬೀಳುತ್ತದೆ. ಅರ್ಜಿಗೆ ಸಹಿ ಹಾಕುವ ಮುಂಚೆ ಅವರನ್ನು ಕೂರಿಸಿಕೊಂಡು ವಿಷಯ ಹೇಳಿಬಿಡಿ.