ಆರಿಹೋದ ಸೀಲಿಂಗ್ ಎಲ್‌ಇಡಿ: ಕೆಟ್ಟಿದ್ದು ಡ್ರೈವರ್ ಮಾತ್ರ

ಫಾಲ್ಸ್ ಸೀಲಿಂಗ್‌ನ 15 ವ್ಯಾಟ್ ದುಂಡು ಪ್ಯಾನೆಲ್ ಕೆಲವು ದಿನ ಮಿಣುಕಿ ಪೂರ್ತಿ ಆರಿತು. ಇಂಥಲ್ಲಿ ಹೆಚ್ಚಾಗಿ ಸಾಯುವುದು ಎಲ್‌ಇಡಿ ಅಲ್ಲ, ಡ್ರೈವರ್, ಅಂದರೆ ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸಿ ಕೊಡುವ ಪುಟ್ಟ ಪೆಟ್ಟಿಗೆ. ಮೇಲೆ ಗಾಳಿಯಾಡದ ಬಿಸಿಗೆ ಅದರೊಳಗಿನ ಕೆಪಾಸಿಟರ್ (ವಿದ್ಯುತ್ ತುಂಬಿಟ್ಟುಕೊಳ್ಳುವ ಭಾಗ) ಒಣಗುತ್ತದೆ.

ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ ನ್ಯೂಟ್ರಲ್ ಮೇಲಿದ್ದರೆ ಫೇಸ್ ಜೀವಂತವಾಗಿಯೇ ಇರುತ್ತದೆ. ಎಂಸಿಬಿ (ಮನೆಯ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಹಿಡಿದು ನೋಡಿ. ಪ್ಯಾನೆಲ್ಲನ್ನು ನಿಧಾನ ಕೆಳಗೆಳೆಯಿರಿ. ಸ್ಪ್ರಿಂಗ್ ಕ್ಲಿಪ್ ಬೆರಳಿಗೆ ಬಲವಾಗಿ ಬಡಿಯುತ್ತದೆ.

ಹೊಸ ಡ್ರೈವರ್ ಕೊಳ್ಳುವಾಗ ವ್ಯಾಟ್ ಒಂದನ್ನೇ ನೋಡಬೇಡಿ, ಅಂಗಡಿಯವರು ಅದನ್ನೇ ಕೇಳಿದರೂ ಸರಿ. ಹಳೆಯದರ ಮೇಲಿನ ಔಟ್‌ಪುಟ್ ಕರೆಂಟ್ ಹೊಂದಲೇಬೇಕು: ಇಲ್ಲಿ 300 ಮಿಲಿಆಂಪ್. ವೋಲ್ಟೇಜ್ ವ್ಯಾಪ್ತಿ ಹಳೆಯದನ್ನು ಒಳಗೊಂಡಿದ್ದರೆ ಸಾಕು. ಕರೆಂಟ್ ಹೆಚ್ಚಾದರೆ ಎಲ್‌ಇಡಿ ಬೇಗ ಸುಡುತ್ತದೆ.

ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ, ತಿರುಗಿಸಿದರೆ ಉರಿಯುವುದಿಲ್ಲ. ಮೊದಲು ಪ್ಯಾನೆಲ್ ಜೋಡಿಸಿ, ಆಮೇಲೆ ಎಂಸಿಬಿ ಏರಿಸಿ. ಕರೆಂಟ್ ಇರುವಾಗ ಪ್ಯಾನೆಲ್ಲಿನ ಪಿನ್ ಚುಚ್ಚಿದರೆ ಡ್ರೈವರ್‌ನಲ್ಲಿ ತುಂಬಿಕೊಂಡ ಹೆಚ್ಚಿನ ವೋಲ್ಟೇಜ್ ಒಮ್ಮೆಲೇ ನುಗ್ಗಿ ಒಳ್ಳೆಯ ಪ್ಯಾನೆಲ್ಲೂ ಹೋಗುತ್ತದೆ.

ಹೊಸ ಡ್ರೈವರ್‌ಗೂ ಬೆಳಗದಿದ್ದರೆ ಒಳಗಿನ ಎಲ್‌ಇಡಿ ನೋಡಿ. ಒಂದರ ಮೇಲೆ ಕಪ್ಪು ಚುಕ್ಕೆ ಕಂಡರೆ ಇಡೀ ಸಾಲು ತುಂಡಾದಂತೆ. ಆಗ ಪ್ಯಾನೆಲ್ ಬದಲಿಸುವುದೇ ಸರಿ.