ಶ್ರೀಗಂಧ, ರಕ್ತಚಂದನ: ಹೋಲಿಸಿ ನೋಡುವುದು ಹೇಗೆ?

ಹೊಲದ ಬದುವಿಗೆ ಹಚ್ಚಲು ಶ್ರೀಗಂಧದ ಸಸಿ ಬೇಕಿತ್ತು. ಕೊಪ್ಪಳದ ನರ್ಸರಿಯೊಂದಕ್ಕೆ ಹೋದೆ. ಅಲ್ಲಿನವರು ರಕ್ತಚಂದನವನ್ನೂ ತೋರಿಸಿ, "ಇದು ಅದರ ತಮ್ಮ ಇದ್ದಂಗ ರೀ" ಎಂದರು. ನಿಜವೇ? ನಾವೇ ತಾಳೆ ಹಾಕಿ ನೋಡಬಹುದು.

ಮೊದಲು ಎರಡರ ವೈಜ್ಞಾನಿಕ ಹೆಸರನ್ನು ಪೂರ್ತಿ ಬರೆದುಕೊಳ್ಳಿ. ಶ್ರೀಗಂಧ ಸ್ಯಾಂಟಲಮ್ ಆಲ್ಬಮ್. ರಕ್ತಚಂದನ ಟೆರೋಕಾರ್ಪಸ್ ಸ್ಯಾಂಟಲೈನಸ್. ಎರಡರಲ್ಲೂ 'ಸ್ಯಾಂಟಲ್' ಇದೆ ಅಲ್ವಾ? ಮೋಸ ಹೋಗುವುದು ಇಲ್ಲೇ. ನೆಂಟಸ್ತಿಕೆ ಹೇಳುವುದು ಮೊದಲ ಪದ, ಅದು ಕುಲದ ಹೆಸರು. ಹಾಗೆ ನೋಡಿದರೆ ರಕ್ತಚಂದನದ ದಾಯಾದಿ ನಮ್ಮ ಹೊನ್ನೆ ಮರ, ಅದೂ ಟೆರೋಕಾರ್ಪಸ್ಸೇ. ಕುಟುಂಬದ ಲೆಕ್ಕಕ್ಕೆ ಬಂದರೆ ತೊಗರಿ, ಶೇಂಗಾ, ಹೊಂಗೆ ಎಲ್ಲ ಅದರ ಬಳಗ. ಶ್ರೀಗಂಧದ್ದು ಸ್ಯಾಂಟಲೇಸಿ ಎಂಬ ಬೇರೆಯೇ ಕುಟುಂಬ.

ಆಮೇಲೆ ಗಿಡದ ಹತ್ತಿರ ಹೋಗಿ. ಗಂಧದ ಎಲೆ ಒಂಟಿ, ಎದುರುಬದುರು ಜೋಡಿಯಾಗಿ ಬರುತ್ತದೆ. ಸಣ್ಣ ಹೂವು ಅರಳಿದಾಗ ಹುಲ್ಲಿನ ಬಣ್ಣ, ದಿನ ಕಳೆದಂತೆ ಕಂದುಗೆಂಪು. ಹಣ್ಣು ಕಪ್ಪು, ಹಕ್ಕಿಗಳಿಗೆ ಇಷ್ಟ. ರಕ್ತಚಂದನದ ಎಲೆಯಲ್ಲಿ ಸಾಮಾನ್ಯವಾಗಿ ಮೂರು ಎಸಳು. ಹೂವು ಹಳದಿ, ಕಾಯಿ ಚಪ್ಪಟೆ, ಸುತ್ತಲೂ ರೆಕ್ಕೆ. ಇನ್ನು ಬೇರು. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಸತ್ವ ಹೀರುತ್ತದೆ. ಸಸಿಯ ಮಗ್ಗುಲಿಗೆ ತೊಗರಿ ಹಾಕುವುದು ಇದಕ್ಕೇ. ರಕ್ತಚಂದನದ ಬಳಗದವರೇ ಗಂಧಕ್ಕೆ ಊಟ ಬಡಿಸುತ್ತಾರೆ ಅನ್ನಿ!

ಮೂರನೆಯದು ನಕಾಶೆ. ಬಳ್ಳಾರಿಯ ಗಡಿ ದಾಟಿ ಆಂಧ್ರದೊಳಗೆ ಹೋದರೆ ಕಡಪ, ಚಿತ್ತೂರು, ನೆಲ್ಲೂರು ಕಡೆಯ ಬೆಟ್ಟಗಳು ಸಿಗುತ್ತವೆ. ರಕ್ತಚಂದನದ ತವರು ಹೆಚ್ಚುಕಡಿಮೆ ಅಷ್ಟೇ. ಗಂಧ ದಕ್ಷಿಣ ಭಾರತದ ಒಣಕಾಡುಗಳಲ್ಲಿದೆ, ಇಂಡೋನೇಷ್ಯಾದ ಟಿಮೋರ್ ಕಡೆ ಮತ್ತು ಆಸ್ಟ್ರೇಲಿಯಾದ ಉತ್ತರದಲ್ಲೂ ಇದೆ.

ಕೊನೆಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿ, ಅಂದರೆ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ ಪಟ್ಟಿ. ಅದರ ಜಾಲತಾಣದಲ್ಲಿ ವೈಜ್ಞಾನಿಕ ಹೆಸರು ಹಾಕಿ ಹುಡುಕಿ. ಗಂಧ 'ವಲ್ನರಬಲ್' (ಅಪಾಯಕ್ಕೆ ತುತ್ತಾಗಬಹುದಾದದ್ದು), ಕಡಿದದ್ದರ ಜೊತೆಗೆ ಎಲೆ ಚಿಕ್ಕದಾಗಿ ಮರವೇ ಸಾಯುವ ಸ್ಪೈಕ್ ರೋಗದ ಕಾಟವೂ ಇದೆ. ರಕ್ತಚಂದನ ಒಂದು ಮೆಟ್ಟಿಲು ಹೆಚ್ಚು ಅಪಾಯದಲ್ಲಿದೆ, 'ಎಂಡೇಂಜರ್ಡ್'. 1995ರಿಂದ ಅದರ ವಿದೇಶಿ ವ್ಯಾಪಾರಕ್ಕೆ ಸೈಟಿಸ್ ಎಂಬ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಕಡಿವಾಣವೂ ಇದೆ. ಯಾವ ವರ್ಷದ ಅಂದಾಜು ಎಂಬುದನ್ನು ಪಕ್ಕದಲ್ಲೇ ಬರೆದುಕೊಳ್ಳಿ, ದರ್ಜೆ ಬದಲಾಗುತ್ತಿರುತ್ತದೆ. ಒಂದು ಮಾತು: ಆ ದರ್ಜೆ ಕಾಡಿನ ಮರಗಳದ್ದು. ನಾನು ಬದುವಿಗೆ ಹಚ್ಚಿದ ಹತ್ತು ಸಸಿ ಆ ಲೆಕ್ಕಕ್ಕಿಲ್ಲ.