ಮುಂದೆ ಲೋಡರ್ ಇದ್ದರೆ ಹಿಂದೆ ಕಾಂಕ್ರೀಟ್ ಇರಲಿ

ಮಿನಿ ಟ್ರ್ಯಾಕ್ಟರಿನ ಮುಂದೆ ಲೋಡರ್ (ಬಕೆಟಿನಲ್ಲಿ ಮಣ್ಣು, ಗೊಬ್ಬರ ಎತ್ತುವ ತೋಳು) ಹಾಕಿಸಿಕೊಂಡವರಿಗೆ ಇದು ಗೊತ್ತೇ ಇರುತ್ತದೆ. ಬಕೆಟ್ ತುಂಬ ಹಸಿ ಗೊಬ್ಬರ ಎತ್ತಿದ ಕೂಡಲೇ ಸ್ಟೀರಿಂಗ್ ಬಿಗಿಯಾಗುತ್ತದೆ, ಹಿಂದಿನ ಚಕ್ರ ನೆಲ ಬಿಡಲು ನೋಡುತ್ತದೆ. ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೇ ಅಲ್ವಾ? ಅದು ಹಗುರಾದರೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಇದಕ್ಕೆ ಪರಿಹಾರ, ಟ್ರ್ಯಾಕ್ಟರಿನ ಹಿಂದೆ ನೇತುಹಾಕುವ ಒಂದು ಕಾಂಕ್ರೀಟ್ ದಿಮ್ಮಿ.

‘ಟೈರಿಗೆ ನೀರು ತುಂಬಿಸಿದ್ದೇವಲ್ಲ, ಸಾಲದಾ?’ ಅನ್ನುವವರಿದ್ದಾರೆ. ಉಳುಮೆಗೆ ಸಾಕು. ಆದರೆ ಆ ನೀರಿನ ಭಾರ ಕೂರುವುದು ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೇ. ಚಕ್ರಕ್ಕೆ ಹಿಡಿತ ಸಿಗುತ್ತದೆ, ಮುಂದಿನ ಆಕ್ಸಲಿನ ಹೊರೆ ಒಂದು ಕೆಜಿಯೂ ಇಳಿಯುವುದಿಲ್ಲ. ಅದು ಇಳಿಯಬೇಕಾದರೆ ಭಾರ ಹಿಂದಿನ ಆಕ್ಸಲ್ ದಾಟಿ ಆಚೆ ಇರಬೇಕು. ಎರಡು ಆಕ್ಸಲ್ ನಡುವೆ 150 ಸೆಂ.ಮೀ. ಇದೆ, ಹಿಂದಿನ ಆಕ್ಸಲಿನಿಂದ 90 ಸೆಂ.ಮೀ. ಆಚೆ 250 ಕೆಜಿ ನೇತುಹಾಕಿದ್ದೀರಿ ಅಂದುಕೊಳ್ಳಿ. ಮುಂದಿನ ಆಕ್ಸಲಿನಿಂದ 150 ಕೆಜಿ ಇಳಿದು, ಹಿಂದಿನದಕ್ಕೆ 400 ಕೆಜಿ ಸೇರುತ್ತದೆ.

ಎಷ್ಟು ತೂಕ ಬೇಕು ಅನ್ನುವುದು ಲೋಡರಿನ ಕೈಪಿಡಿಯಲ್ಲಿರುತ್ತದೆ. ಅದನ್ನು ನೋಡದೆ ಸುಮ್ನೆ ಜಾಸ್ತಿ ಹಾಕಬೇಡಿ. ಈ ಗಾತ್ರದ ಹಲವು ಟ್ರ್ಯಾಕ್ಟರುಗಳ ಲಿಫ್ಟ್, ಅಂದರೆ ಹಿಂದೆ ಉಪಕರಣ ಎತ್ತುವ ಲಿಂಕ್ ತೋಳುಗಳ ವ್ಯವಸ್ಥೆ, 750 ಕೆಜಿ ಆಸುಪಾಸು ಎತ್ತುವಂಥದು. ಅದೂ ಲಿಂಕ್ ತುದಿಯಲ್ಲಿ ಅಳೆದ ಲೆಕ್ಕ, ಭಾರ ಹಿಂದೆ ಸರಿದಷ್ಟೂ ಎತ್ತುವ ಶಕ್ತಿ ಕಡಿಮೆ. ಇಲ್ಲಿ 250 ಕೆಜಿಯ ದಿಮ್ಮಿಯನ್ನೇ ಹಿಡಿಯೋಣ.

ಮೊದಲು ಕಬ್ಬಿಣದ ಚೌಕಟ್ಟು. ನಿಮ್ಮ ಕಲ್ಟಿವೇಟರನ್ನೇ ವೆಲ್ಡಿಂಗ್ ಅಂಗಡಿಗೆ ಒಯ್ದು ಅಳತೆ ಕೊಡಿ, ಟೇಪ್ ಹಿಡಿದು ಊಹಿಸುವುದಕ್ಕಿಂತ ಅದು ವಾಸಿ. ಸಾಮಾನ್ಯವಾಗಿ ಕೆಳಗಿನ ಎರಡು ಲಿಂಕ್ ತೋಳಿನ ಪಿನ್ 22 ಎಂಎಂ, ಮೇಲಿನ ನಡುತೋಳು ಅಂದರೆ ಟಾಪ್ ಲಿಂಕಿನ ಪಿನ್ 19 ಎಂಎಂ. ಪಿನ್‌ಗಳನ್ನು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೇ ಕೊಳ್ಳಿ, ಸಿಕ್ಕಿದ ಸರಳು ಕತ್ತರಿಸಿ ಹಾಕಬೇಡಿ. ಒಂದು ಅಡ್ಡ ಚಾನೆಲ್ (ಕಬ್ಬಿಣದ ತೊಲೆ), ಅದರ ಎರಡು ತುದಿಗೆ ಕೆಳಗಿನ ಪಿನ್, ಟಾಪ್ ಲಿಂಕ್ ಪಿನ್ನಿಗೆ ನಡುವೆ ಮೇಲಕ್ಕೆ ಎರಡು ದಪ್ಪ ಪಟ್ಟಿ, ಇಷ್ಟೇ. ಚಾನೆಲ್ಲಿಗೆ 12 ಎಂಎಂ ಸರಳುಗಳನ್ನು ಪಂಜರದಂತೆ ಬೆಸೆಯಿರಿ. ಇಲ್ಲದಿದ್ದರೆ ಕುಲುಕಾಟಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ಜಾರುತ್ತದೆ.

ಪ್ಲೈವುಡ್ ಪೆಟ್ಟಿಗೆಯ ಒಳ ಅಳತೆ 65 ಸೆಂ.ಮೀ. ಅಗಲ, 40 ಉದ್ದ, 40 ಎತ್ತರ. ಅಂದರೆ 104 ಲೀಟರ್. ಕಾಂಕ್ರೀಟ್ ಲೀಟರಿಗೆ ಸುಮಾರು 2.4 ಕೆಜಿ ತೂಗುವುದರಿಂದ ಸರಿಯಾಗಿ 250 ಕೆಜಿ. ಅಡ್ಡ ಚಾನೆಲ್ ಪೆಟ್ಟಿಗೆಯ ನಡುವೆ ಬೇಡ, ಟ್ರ್ಯಾಕ್ಟರ್ ಕಡೆಯ ಮುಖಕ್ಕೆ ಹತ್ತಿರವಿರಲಿ. ನಡುವೆ ಇಟ್ಟರೆ ದಿಮ್ಮಿಯ ಮುಂಭಾಗ ಲಿಂಕ್ ತೋಳುಗಳ ಮಧ್ಯೆ ನುಗ್ಗಿ ಉಜ್ಜುತ್ತದೆ, ಭಾರವೂ ಅಷ್ಟು ಮುಂದೆ ಬರುತ್ತದೆ. ಪೆಟ್ಟಿಗೆಯ ಬದಲು ಹಳೆ ಎಣ್ಣೆ ಡ್ರಮ್ಮನ್ನು ಗ್ಯಾಸ್ ಕಟರಿನಿಂದ ಕೊಯ್ದು ಬಳಸುವ ಯೋಚನೆ ಬಿಟ್ಟುಬಿಡಿ, ಒಳಗಿನ ಆವಿಗೆ ಬೆಂಕಿ ತಗುಲಿದರೆ ಡ್ರಮ್ ಸಿಡಿಯುತ್ತದೆ.

ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು 20 ಎಂಎಂ ಜಲ್ಲಿ. 50 ಕೆಜಿಯ ಒಂದು ಮೂಟೆ ಸಾಕು, ಸ್ವಲ್ಪ ಉಳಿಯಲೂಬಹುದು. ನೀರು ಜಾಸ್ತಿ ಸುರಿಯಬೇಡಿ. ಹಾಕುತ್ತಾ ಸರಳಿನಿಂದ ಚುಚ್ಚಿ ಗಾಳಿ ಬಿಡಿಸಿ. ಹಿಂಬದಿಯ ಒಂದು ಮೂಲೆಯಲ್ಲಿ ಪಿವಿಸಿ ಪೈಪಿನ ತುಂಡು ನಿಲ್ಲಿಸಿದರೆ ಹಾರೆ ಇಡಲು ಒಂದು ಜಾಗವಾಯಿತು. ತೋಟಕ್ಕೆ ಹೋದಾಗ ಹಾರೆ ಮನೆಯಲ್ಲೇ ಮರೆಯುವವರಿಗೆ ಇದು ಬಹಳ ಉಪಕಾರ.

ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ ನೀರುಣಿಸಿ. ಪೂರ್ತಿ ಗಟ್ಟಿಯಾಗಲು 28 ದಿನ ಕೊಡಿ, ಅಲ್ಲಿಯವರೆಗೆ ಎತ್ತಬೇಡಿ.

ಜೋಡಿಸುವಾಗ ಟ್ರ್ಯಾಕ್ಟರಿಗೂ ದಿಮ್ಮಿಗೂ ನಡುವೆ ಯಾರೂ ನಿಂತಿರಬಾರದು. ಲಿಂಕ್ ತೋಳು ಅತ್ತಿತ್ತ ಆಡದಂತೆ ಚೈನ್ ಬಿಗಿ ಮಾಡಿ. ಓಡಿಸುವಾಗ ದಿಮ್ಮಿ ನೆಲದಿಂದ ಒಂದಡಿ ಮೇಲಿದ್ದರೆ ಸಾಕು. ಗಾಡಿ ನಿಲ್ಲಿಸಿದ ಮೇಲೆ ಅದನ್ನು ಪೂರ್ತಿ ನೆಲಕ್ಕೆ ಇಳಿಸಿ. ಲೋಡರ್ ಬಿಚ್ಚಿದ ದಿನ ಇದನ್ನೂ ಬಿಚ್ಚಿಡಿ. ಇಲ್ಲದಿದ್ದರೆ ಏರು ಹತ್ತುವಾಗ ಮುಂದಿನ ಚಕ್ರವೇ ಮೇಲೇಳುತ್ತದೆ.